500ಇ ಬರೀ ಆರಾಮದ ಕಾರಲ್ಲ
ಬಿಎಂಡಬ್ಲ್ಯು ಎಂ5 (ಇ34 ಪೀಳಿಗೆ) ಮುಂದೆ ಮರ್ಸಿಡಿಸ್ 500ಇ ಬರೀ ಆರಾಮದ ಕಾರು ಎಂದು ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 500ಇ ತಯಾರಾಗುತ್ತಿದ್ದ ರೀತಿಯನ್ನೇ ನೋಡಿ. ಅಗಲ ಮಾಡಿದ ಮಡ್‌ಗಾರ್ಡ್‌ಗಳಿಂದಾಗಿ ಮರ್ಸಿಡಿಸ್‌ನ ಸಿಂಡೆಲ್‌ಫಿಂಗೆನ್ ಕಾರ್ಖಾನೆಯ ಜೋಡಣಾ ಲೈನ್‌ನಲ್ಲಿ ಅದು ಹಿಡಿಯುತ್ತಿರಲಿಲ್ಲ. ಪೋರ್ಷೆಗೂ ಆಗ ಕೈಯಲ್ಲಿ ಕೆಲಸ ಕಡಿಮೆ. ಹಾಗಾಗಿ ಬಾಡಿ ಜೋಡಿಸಿದ್ದು ಪೋರ್ಷೆಯವರು, ಬಣ್ಣಕ್ಕೆ ವಾಪಸ್ ಮರ್ಸಿಡಿಸ್‌ಗೆ, ಎಂಜಿನ್ ಕೂರಿಸಲು ಮತ್ತೆ ಪೋರ್ಷೆಗೆ. ಒಂದು ಕಾರಿಗೆ ಸುಮಾರು 18 ದಿನ! ಬರೀ ಆರಾಮಕ್ಕೆ ಇಷ್ಟೆಲ್ಲ ಓಡಾಟ ಯಾರು ಮಾಡುತ್ತಾರೆ? ಒಳಗೆ ಇದ್ದದ್ದು 5 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್, ಶಕ್ತಿ 320 ಎಚ್‌ಪಿಗೂ ಜಾಸ್ತಿ.

ಎಂ5 ಎಂಜಿನ್ ಬಗ್ಗೆ ನೀವು ಬರೆದದ್ದು ಮಾತ್ರ ಪೂರ್ತಿ ಸರಿ. ಬಿಎಂಡಬ್ಲ್ಯುನದೇ ಎಂ1 ಸ್ಪೋರ್ಟ್ಸ್ ಕಾರಿನ ವಂಶದ ಆರು ಸಿಲಿಂಡರ್, 3.6 ಲೀಟರ್‌ನಲ್ಲೇ 315 ಎಚ್‌ಪಿ. ಜೊತೆಗೆ ಮ್ಯಾನುವಲ್ ಗೇರ್. 500ಇಗೆ ಸಿಕ್ಕಿದ್ದು 4 ಗೇರ್‌ಗಳ ಆಟೋಮ್ಯಾಟಿಕ್ ಮಾತ್ರ, ಆ ಕೊರತೆ ನನಗೂ ಕಾಡುತ್ತದೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಾಡಿನ ತಿರುವುಗಳಿಗೆ ಎಂ5 ಸರಿ. ಆದರೆ ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ಗೆ ಆಟೋಬಾನ್ ಹೆದ್ದಾರಿಯಲ್ಲಿ ಹೋಗಬೇಕಾದರೆ ನಾನು 500ಇ ಕೀಲಿಯನ್ನೇ ಎತ್ತಿಕೊಳ್ಳುತ್ತೇನೆ. ನಂತರ ಬಂದ 340 ಎಚ್‌ಪಿಯ 3.8 ಲೀಟರ್ ಎಂ5 ಬಗ್ಗೆಯೂ ದಯವಿಟ್ಟು ಬರೆಯಿರಿ, ಅದನ್ನು ಬಿಟ್ಟರೆ ಈ ಹೋಲಿಕೆ ಅರ್ಧವೇ ಅಲ್ವಾ?