ನೋವಿಲ್ಲದ ರೋಗಕ್ಕೆ ರಕ್ತವೇ ಸಾಕ್ಷಿ

ಹಲ್ಲುಜ್ಜಿ ಉಗುಳಿದ ನೊರೆಯಲ್ಲಿ ತೆಳುಗೆಂಪು ಕಂಡಾಗಲೆಲ್ಲ ನಾನು ವರ್ಷಗಟ್ಟಲೆ ಮಾಡುತ್ತಿದ್ದುದು ಒಂದೇ ಕೆಲಸ: ಮರುದಿನದಿಂದ ಆ ಜಾಗಕ್ಕೆ ಬ್ರಷ್ ತಾಗಿಸದೆ ಉಪಾಯವಾಗಿ ದಾಟಿಬಿಡುವುದು. ಬ್ರಷ್ ಚುಚ್ಚಿದ್ದರಿಂದಲೇ ರಕ್ತ ಬಂತೆಂದು ನಂಬಿದ್ದೆ. ನೋವಂತೂ ಇರಲಿಲ್ಲ. ವಸಡಿನ ರೋಗ ಹಲ್ಲು ಅಲ್ಲಾಡುವ ಹಂತದವರೆಗೂ ಬಹುಮಟ್ಟಿಗೆ ನೋವಿಲ್ಲದೆಯೇ ಮುಂದುವರಿಯುತ್ತದೆ. ಆದ್ದರಿಂದ ನೋವು ಬರಲೆಂದು ಕಾಯುವುದೇ ಇಲ್ಲಿ ನಾವು ಮಾಡುವ ದೊಡ್ಡ ತಪ್ಪು ಎಂದು ಈಗ ನನಗೆ ಖಚಿತವಾಗಿ ಅನಿಸುತ್ತದೆ.

ರಕ್ತ ಬರುವ ಜಾಗವನ್ನು ಬಿಟ್ಟುಬಿಟ್ಟರೆ ಅಲ್ಲಿ ಬ್ಯಾಕ್ಟೀರಿಯಾಗಳ ಅಂಟುಪದರ ಇನ್ನಷ್ಟು ದಪ್ಪವಾಗುತ್ತದೆ. 1965ರಲ್ಲಿ ದಂತವಿಜ್ಞಾನಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಮಂದಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದಾಗ, ಮೂರು ವಾರಗಳೊಳಗೆ ಎಲ್ಲರ ವಸಡಿನಲ್ಲೂ ಉರಿಯೂತ ಕಾಣಿಸಿಕೊಂಡಿತು; ಮತ್ತೆ ಉಜ್ಜತೊಡಗಿದ ಮೇಲೆ ಅದು ಇಳಿಯಿತು. ಈ ಮೊದಲ ಹಂತ ಪೂರ್ತಿ ವಾಸಿಯಾಗುವಂಥದ್ದು. ನಿರ್ಲಕ್ಷಿಸಿದರೆ ಕೆಲವರಲ್ಲಿ ಉರಿಯೂತ ಒಳಕ್ಕಿಳಿದು, ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಕರಗಿಸುತ್ತದೆ. ಆ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ.

ಇದು ಕನ್ನಡಿಯಲ್ಲಿ ಕಾಣುವ ಸಂಗತಿಯಲ್ಲ. ದಂತವೈದ್ಯರು ಮಿಲಿಮೀಟರ್ ಗುರುತುಗಳಿರುವ ತೆಳುವಾದ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸಿ, ಪ್ರತಿ ಹಲ್ಲಿನ ಸುತ್ತ ಆರು ಕಡೆ ಆಳವನ್ನು ಅಳೆಯುತ್ತಾರೆ. ಬಾಯಿ ತೆರೆದು ಮಲಗಿದ್ದ ನನಗೆ 'ಎರಡು, ಮೂರು, ಎರಡು' ಎಂದು ಸಾಗುತ್ತಿದ್ದ ಎಣಿಕೆ ಹಿಂದಿನ ದವಡೆ ಹಲ್ಲಿನ ಬಳಿ 'ಆರು' ಎಂದಾಗ, ಅದೇ ನಾನು ಬ್ರಷ್ ತಾಗಿಸದೆ ದಾಟಿಬಿಡುತ್ತಿದ್ದ ಜಾಗವೆಂದು ಹೊಳೆಯಿತು. ಮೂರರವರೆಗೆ ಸಾಮಾನ್ಯ; ನಾಲ್ಕರಿಂದ ಮೇಲಕ್ಕೆ ಎಚ್ಚರ ಬೇಕು. ಎಷ್ಟು ಮೂಳೆ ಹೋಗಿದೆಯೆಂಬುದನ್ನು ಎಕ್ಸ್‌ರೇ ತೋರಿಸುತ್ತದೆ. ಈ ಅಂಕಿಗಳನ್ನು ಕೇಳಿ ಬರೆದಿಟ್ಟುಕೊಳ್ಳುವುದು ರೋಗಿಯ ಹಕ್ಕೆಂದೇ ನನ್ನ ವಾದ.

ಧೂಮಪಾನಿಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಧೂಮಪಾನವು ವಸಡಿನ ರಕ್ತಸ್ರಾವವನ್ನು ಮರೆಮಾಚುವುದರಿಂದ, ರಕ್ತ ಬರುತ್ತಿಲ್ಲವೆಂಬ ಅವರ ಸಮಾಧಾನ ಪೊಳ್ಳಾಗಿರಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲೂ ಈ ರೋಗ ಬೇಗ ಬಲಿಯುತ್ತದೆ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ನಿಜದಲ್ಲಿ, ಮೂಳೆ ಕರಗಿ ಆಗಲೇ ಸಡಿಲವಾದ ಹಲ್ಲನ್ನು, ಆ ಅಂಟುಪದರವೇ ಗಟ್ಟಿಯಾಗಿ ಆದ ಪಾಚಿ ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಸಡಿಲು, ಸಂದು, ಜುಮ್ಮೆನ್ನುವುದು ಎಲ್ಲ ಬಯಲಾಗುತ್ತವೆ. ಹಲ್ಲು ಮತ್ತು ವಸಡಿನ ನಡುವೆ ಆಳವಾದ ಕುಳಿಗಳಿದ್ದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನ ಮೇಲಿರುವ ಪಾಚಿಯನ್ನು ತೆಗೆಯುತ್ತಾರೆ. ಅದಕ್ಕೂ ಜಗ್ಗದ ಕುಳಿಗೆ ವಸಡನ್ನು ಬಿಡಿಸಿ ಸ್ವಚ್ಛಗೊಳಿಸುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೌತ್‌ವಾಶ್ ಅಷ್ಟು ಆಳಕ್ಕೆ ತಲುಪುವುದಿಲ್ಲ, ಪಾಚಿಯನ್ನು ಹಾಗೆಯೇ ಬಿಟ್ಟು ಆಂಟಿಬಯಾಟಿಕ್ ಮಾತ್ರ ನುಂಗಿದರೂ ಪ್ರಯೋಜನವಿಲ್ಲ.

ಉಳಿದದ್ದು ನಮ್ಮ ಕೈಯಲ್ಲಿದೆ. ನಾನೀಗ ಮೃದು ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ಹೊತ್ತೂ ಎರಡೆರಡು ನಿಮಿಷ ಉಜ್ಜುತ್ತೇನೆ, ರಾತ್ರಿ ಸಂದುಗಳಲ್ಲಿ ಪುಟ್ಟ ಬ್ರಷ್ ಆಡಿಸುತ್ತೇನೆ. ಮೊದಲ ವಾರ ರಕ್ತ ಬಂದರೂ ನಿಲ್ಲಿಸಲಿಲ್ಲ. ಮೂರು ತಿಂಗಳ ಬಳಿಕ ಮತ್ತೆ ಅಳೆದಾಗ ಆ ಹಿಂದಿನ ಹಲ್ಲಿನ ಆರು ನಾಲ್ಕಕ್ಕೆ ಇಳಿದಿತ್ತು. ಮುಂದಿನ ಅಳತೆಗೆ ದಿನ ಗೊತ್ತುಮಾಡಿಕೊಂಡು ಬಂದಿದ್ದೇನೆ.