ಪುಸ್ತಕದ ಚೀಲ ಹೊತ್ತ ಮೇಷ್ಟರು

ಪಾಲಕ್ಕಾಡಿಗೆ ಬಂದ ಮೊದಲ ವರ್ಷ, ಒಂದು ಭಾನುವಾರ ನಮ್ಮ ಮನೆಗೆ ಬಂದವರು ಭೌತಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ಹೆಗಲಿನ ಚೀಲದ ತುಂಬ ಮಲಯಾಳದ ವಿಜ್ಞಾನ ಪುಸ್ತಕಗಳು. ಜನರ ನಡುವೆ ವಿಜ್ಞಾನ ಹರಡುವ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಹೀಗೆ ಮನೆಮನೆಗೆ ಹೋಗಿ ಪುಸ್ತಕ ಮಾರುತ್ತಾರೆ ಎಂಬುದು ನನಗೆ ಹೊಸ ಸಂಗತಿ. ಮಗಳಿಗೆಂದು ಅವರ ಮಕ್ಕಳ ವಿಜ್ಞಾನ ಪತ್ರಿಕೆ ‘ಯುರೇಕಾ’ಗೆ ಚಂದಾ ಕಟ್ಟಿದೆ. ಅವಳ ಜೊತೆ ಕುಳಿತು ನಾನೂ ಮಲಯಾಳ ಓದಲು ಕಲಿತೆ.

ಪರಿಷತ್ತು 1962ರಲ್ಲಿ ಕೋಳಿಕೋಡಿನಲ್ಲಿ ಹುಟ್ಟಿದಾಗ ವಿಜ್ಞಾನ ಬರಹಗಾರರ ಪುಟ್ಟ ಕೂಟ. ಅದರ ನಿಜವಾದ ಕಸುವು ಕಂಡದ್ದು ಇದೇ ಜಿಲ್ಲೆಯ ಸೈಲೆಂಟ್ ವ್ಯಾಲಿ ಕಾಡಿನಲ್ಲಿ. ಕುಂತಿ ಹೊಳೆಗೆ ಅಣೆಕಟ್ಟು ಕಟ್ಟಲು ವಿದ್ಯುತ್ ಮಂಡಳಿ ಹೊರಟಾಗ ಸಸ್ಯಶಾಸ್ತ್ರದ ಅಧ್ಯಾಪಕ ಎಂ.ಕೆ. ಪ್ರಸಾದ್ ಕಾಡಿನ ಪರವಾಗಿ ಬರೆದರು. ಪರಿಷತ್ತು ಅಲ್ಲಿಗೆ ನಿಲ್ಲಲಿಲ್ಲ. ಬೇರೆ ಬೇರೆ ವಿಷಯಗಳ ತಜ್ಞರನ್ನು ಕೂಡಿಸಿ, ಆ ವಿದ್ಯುತ್ತು ನಿಜಕ್ಕೂ ಬೇಕೇ, ಬೇರೆ ದಾರಿಯಿಲ್ಲವೇ ಎಂದು ಲೆಕ್ಕ ಹಾಕಿಸಿತು. ಆ ಲೆಕ್ಕವನ್ನು ಹಳ್ಳಿಯವರಿಗೂ ಅರ್ಥವಾಗುವ ಮಲಯಾಳದಲ್ಲಿ ಹೇಳಿತು. 1983ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು, ಸಿಂಗಳೀಕಗಳ ಕಾಡು ಉಳಿಯಿತು.

ನಮ್ಮ ಕರ್ನಾಟಕದಲ್ಲಿ ಇಂಥವರು ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೇ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಉತ್ತರ ಕನ್ನಡದ ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಶಿರಸಿಯ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಒಂದೇ ಸಭೆಯಲ್ಲಿ ಕುಳಿತು ಲಾಭನಷ್ಟ ಅಳೆದರು. ‘ಬಾಲ ವಿಜ್ಞಾನ’ ಮಾಸಪತ್ರಿಕೆ ಓದಿಯೇ ನಾನು ಬೆಳೆದೆ. ಆದರೆ ಒಂದು ಹೋರಾಟದಲ್ಲಿ ಕೂಡಿದವರು ಮುಂದಿನ ಹೋರಾಟದ ಹೊತ್ತಿಗೆ ಚದುರಿರುತ್ತಾರೆ. ಊರೂರಲ್ಲಿ ಘಟಕವಿಟ್ಟುಕೊಂಡು ಕಾಯುವ ಸಂಘಟನೆ ನಮ್ಮಲ್ಲಿ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಇದು ನನ್ನನ್ನು ಕಾಡುವ ಕೊರತೆ.

2017ರ ಆಗಸ್ಟ್ 9ರಂದು ದೇಶದ ಹಲವು ನಗರಗಳಲ್ಲಿ ವಿಜ್ಞಾನಿಗಳು ಬೀದಿಗಿಳಿದರು, ಬೆಂಗಳೂರಿನಲ್ಲೂ ನಡೆದರು. ಸಂಶೋಧನೆಗೆ ಜಿಡಿಪಿಯ ಶೇ 3ರಷ್ಟು ಹಣ ಕೊಡಿ ಎಂಬ ಬೇಡಿಕೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆಂದು ಕನ್ನಡದಲ್ಲಿ ಕೇಳಿಯೇ ಇರದ ರೈತ ಆ ಹಣಕ್ಕಾಗಿ ಏಕೆ ದನಿಯೆತ್ತಬೇಕು? ಮೆರವಣಿಗೆ ಒಂದು ಬೆಳಗಿನದು. ಪುಸ್ತಕದ ಚೀಲ ಪ್ರತಿ ಭಾನುವಾರದ್ದು.

ಮೇಷ್ಟರು ಈಗಲೂ ಬರುತ್ತಾರೆ. ಕಳೆದ ಬಾರಿ ಶರಾವತಿ ಕಣಿವೆಯ ಮಾತು ತೆಗೆದರು. ಅಲ್ಲಿ 2000 ಮೆಗಾವಾಟ್‌ನ ಭೂಗತ ಜಲವಿದ್ಯುತ್ ಯೋಜನೆ, ಅದೇ ಸಿಂಗಳೀಕಗಳು. ಆ ಬಗ್ಗೆ ಕನ್ನಡದ ವಿಜ್ಞಾನಿಗಳೇ ಬರೆದ ಕಿರುಪುಸ್ತಕವಿದ್ದರೆ ತಂದುಕೊಡಿ, ಮಲಯಾಳಕ್ಕೆ ಅನುವಾದಿಸೋಣ ಎಂದರು. ದೀಪಾವಳಿಗೆ ಊರಿಗೆ ಹೋದಾಗ ಸಾಗರದ ಪುಸ್ತಕದಂಗಡಿಗಳಲ್ಲಿ ಹುಡುಕಬೇಕು.