ಗುಡಿ ಕೆಡವುವವರು ಸಂಪ್ರದಾಯಸ್ಥರು, ಬೇಡ ಅಂದ ನಾನು ಲಿಬರಲ್!

ಮೊನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನನಗೆ ಸರಿಯಾಗಿ ಬಿತ್ತು. ವಿಷಯ, ಊರಿನ ಗುಡಿಯ ಜೀರ್ಣೋದ್ಧಾರ. ಇರುವ ಕಲ್ಲಿನ ಗುಡಿಯನ್ನು ಪೂರ್ತಿ ಕೆಡವಿ ಆರ್‌ಸಿಸಿಯಲ್ಲಿ ದೊಡ್ಡದಾಗಿ ಕಟ್ಟಿಸುತ್ತಾರಂತೆ. ಒಳಗೆಲ್ಲ ಗ್ರಾನೈಟ್, ಮುಂದೆ ಸ್ಟೀಲ್ ಕಂಬಿ, ಮೇಲೆ ಬಣ್ಣಬಣ್ಣದ ಗೋಪುರ. ಫಾರಿನ್‌ನಲ್ಲಿ ಇರುವವರು ಸ್ವಲ್ಪ ಕೈ ಬಿಚ್ಚಿ ಕೊಡಬೇಕು ಅಂತ ಕೊನೆಗೊಂದು ಸಾಲು. ನಾನು ಸುಮ್ನೆ ಇರಬಹುದಿತ್ತು. "ಕಲ್ಲು ಗಟ್ಟಿಯಾಗೇ ಇದೆಯಲ್ಲ ದೊಡ್ಡಪ್ಪ, ಸೋರುವ ಕಡೆ ಗಾರೆ ಮಾಡಿಸಿದರೆ ಸಾಲದಾ? ಅದಕ್ಕಾದರೆ ಜಾಸ್ತಿನೇ ಕೊಡ್ತೀನಿ" ಅಂತ ಬರೆದೆ. ದೊಡ್ಡಪ್ಪ ತಕ್ಷಣ ಉತ್ತರ ಕೊಟ್ಟರು: "ಹೊರಗೆ ಹೋದವರಿಗೆ ನಮ್ಮ ಸಂಪ್ರದಾಯ ಎಲ್ಲಿ ಅರ್ಥ ಆಗುತ್ತೆ ಬಿಡಪ್ಪ. ನೀನು ಪೂರ್ತಿ ಲಿಬರಲ್ ಆಗಿಬಿಟ್ಟಿದ್ದೀಯ." ಕೆಳಗೆ ಸಾಲಾಗಿ ಕೈಮುಗಿದ ಎಮೋಜಿಗಳು.

ಅಂದರೆ ನೂರಾರು ವರ್ಷದ ಕಲ್ಲನ್ನು ಜೆಸಿಬಿಗೆ ಕೊಡುವವರು ಸಂಪ್ರದಾಯ ಉಳಿಸುವವರು. ಇರಲಿ ಬಿಡಿ ಅಂದವನು ಕೆಟ್ಟುಹೋದವನು!

ನಾನಿರುವುದು ಇಂಗ್ಲೆಂಡಿನ ಒಂದು ಸಣ್ಣ ಪೇಟೆಯಲ್ಲಿ. ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರು ಇದ್ದಾರೆ, ಹುಟ್ಟಾ ಕನ್ಸರ್ವೇಟಿವ್, ಅಂದರೆ ಹಳೆಯದನ್ನು ಉಳಿಸಬೇಕು ಅನ್ನುವ ಇಲ್ಲಿನ ಬಲಪಂಥೀಯ ಪಕ್ಷದವರು. ಕ್ರಿಸ್‌ಮಸ್ ಬಿಟ್ಟರೆ ಚರ್ಚಿನ ಕಡೆ ತಲೆ ಹಾಕುವವರಲ್ಲ. ಆದರೆ ಚರ್ಚಿನವರು ಹಳೆಯ ಮರದ ಬೆಂಚುಗಳನ್ನು ತೆಗೆದು ಕುರ್ಚಿ ಹಾಕಬೇಕು ಅಂತ ಹೊರಟಾಗ ಈ ಮನುಷ್ಯ ತಿಂಗಳುಗಟ್ಟಲೆ ಜಗಳ ಆಡಿದರು. ಕಾಗದ ಬರೆದರು, ಸಭೆಗೆ ಹೋದರು, ಬೆಂಚಿನ ಕೆತ್ತನೆಯ ಫೋಟೋ ತೆಗೆದು ಮನೆಮನೆಗೆ ಹಂಚಿದರು. ಇಲ್ಲಿ ಆಂಗ್ಲಿಕನ್ ಚರ್ಚಿನ ಒಳಗೆ ಇಂಥ ದೊಡ್ಡ ಬದಲಾವಣೆ ಮಾಡಬೇಕಾದರೆ ಮೇಲಿನಿಂದ ಅನುಮತಿ ಬೇಕು, ಪಾದ್ರಿ ಒಬ್ಬರೇ ಮನಸ್ಸು ಮಾಡಿದರೆ ಆಗುವುದಿಲ್ಲ. ಸಾಮಾನ್ಯ ಮನೆಯೇ ಆಗಿರಲಿ, ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು ಅಂದರೆ ಮುಗಿಯಿತು. ಒಪ್ಪಿಗೆ ಇಲ್ಲದೆ ಅದರ ರೂಪ ಕೆಡಿಸಿದರೆ ಅದು ಕ್ರಿಮಿನಲ್ ಅಪರಾಧ, ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ನಮ್ಮ ದಾರಿ ಇಲ್ಲಿ ನಡೆಯಲ್ಲ.

"ನಿಮಗೆ ದೇವರಲ್ಲಿ ಅಷ್ಟು ನಂಬಿಕೆನಾ?" ಅಂತ ಕೇಳಿದೆ. "ಅದು ಬೇರೆ ವಿಷಯ. ಬೆಂಚು ನನ್ನದಲ್ಲ, ಪಾದ್ರಿಯದ್ದೂ ಅಲ್ಲ. ಮಾಡಿಸಿದವರು ಸತ್ತಿದ್ದಾರೆ, ಕೂರಬೇಕಾದವರು ಇನ್ನೂ ಹುಟ್ಟಿಲ್ಲ. ಮಧ್ಯದಲ್ಲಿ ನಾವ್ಯಾರು ಎಸೆಯೋಕೆ?" ಅಂದರು.

ಬ್ರಿಟಿಷ್ ಸಂಸದ, ಚಿಂತಕ ಎಡ್ಮಂಡ್ ಬರ್ಕ್ 1790ರಲ್ಲಿ ಬರೆದದ್ದು ಹೆಚ್ಚುಕಮ್ಮಿ ಇದನ್ನೇ. ಸಮಾಜ ಅನ್ನೋದು ಬದುಕಿರುವವರು, ಸತ್ತವರು, ಇನ್ನು ಹುಟ್ಟಬೇಕಾದವರು ಮೂವರೂ ಸೇರಿದ ಪಾಲುದಾರಿಕೆ ಅಂತ. ಕನ್ಸರ್ವೇಟಿವ್ ವಿಚಾರಕ್ಕೆ ಮೂಲಪುರುಷ ಅಂತ ಎಲ್ಲರೂ ಹೇಳುವುದು ಇವರನ್ನೇ. ತಮಾಷೆ ಅಂದರೆ ಅವರು ಇದ್ದದ್ದು ವಿಗ್ ಅನ್ನೋ ಬೇರೆಯೇ ಪಕ್ಷದಲ್ಲಿ, ಆ ಕಾಲಕ್ಕೆ ಕನ್ಸರ್ವೇಟಿವ್ ಪಕ್ಷ ಅಂತ ಒಂದು ಇರಲೇ ಇಲ್ಲ.

ಆದರೆ ನನಗೆ ಬರ್ಕ್ ಹತ್ತಿರ ಆಗಿದ್ದು ಬೇರೆ ಕಾರಣಕ್ಕೆ. 1785ರಲ್ಲಿ ಆರ್ಕಾಟು (ಈಗಿನ ತಮಿಳುನಾಡಿನಲ್ಲಿದೆ) ನವಾಬನ ಸಾಲದ ಬಗ್ಗೆ ಪಾರ್ಲಿಮೆಂಟಿನಲ್ಲಿ ಒಂದು ಉದ್ದದ ಭಾಷಣ ಮಾಡಿದರು. ನಮ್ಮ ಹೈದರಾಲಿ ಆ ಸೀಮೆಯ ಮೇಲೆ ಏರಿಹೋದ ಕಥೆ ಅದರಲ್ಲಿ ಭಯ ಹುಟ್ಟಿಸುವ ಹಾಗೆ ಬರುತ್ತೆ. ಅದಾದ ಮೇಲೆ ಬರುವುದು ಕೆರೆ. ಹೌದು, ಕೆರೆ! ಎದುರಿಗಿದ್ದ ಒಂದು ನಕ್ಷೆಯಲ್ಲೇ ಕೂತು ಎಣಿಸಿದ್ದಾರೆ, ಸಾವಿರದ ನೂರಕ್ಕೂ ಜಾಸ್ತಿ. ಇವನ್ನು ಕಟ್ಟಿಸಿದವರೇ ನಿಜವಾದ ರಾಜರು, ಮುಂದೆ ಹುಟ್ಟುವವರನ್ನೂ ತಮ್ಮವರು ಅಂದುಕೊಂಡವರು ಅನ್ನುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯವರ ಸಾಲ, ವಸೂಲಿಯ ಆಟದಲ್ಲಿ ಇಂಥ ಕೆರೆಗಳು ಹಾಳಾಗುತ್ತಿವೆ ಅನ್ನೋದು ಅವರ ಸಿಟ್ಟು. ಭಾರತಕ್ಕೆ ಒಮ್ಮೆಯೂ ಬರದ ಮನುಷ್ಯ ನಮ್ಮ ದಕ್ಷಿಣದ ಕೆರೆ ಏರಿಗೋಸ್ಕರ ಲಂಡನ್ನಿನಲ್ಲಿ ನಿಂತು ಕೂಗಾಡುತ್ತಾರೆ. ನಮ್ಮವರು? ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿಯೇ ಬಿತ್ತು, ನೀರಿಗೆ ಬೆಂಕಿ! ಇಲ್ಲಿನ ಆಫೀಸಿನವರು ಅದರ ವಿಡಿಯೋ ತೋರಿಸಿ "ಇದು ಹೇಗೆ?" ಅಂತ ಕೇಳಿದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಈ ಕೆರೆಗಳು ಹೋಗುವಾಗ ನಮ್ಮ ಸಂಪ್ರದಾಯಸ್ಥರು ಎಲ್ಲಿದ್ದರು? ಪಕ್ಷ ಯಾವುದಾದರೂ ಇರಲಿ, ಸಂಸ್ಕೃತಿ ಉಳಿಸಬೇಕು ಅಂತ ಭಾಷಣ ಮಾಡುವವರು ಎಲ್ಲ ಕಡೆ ಇದ್ದಾರೆ. ಅವರ ಸಂಸ್ಕೃತಿಯ ಪಟ್ಟಿ ತೆಗೆದು ನೋಡಿ. ಯಾರ ಮಗಳು ಯಾವ ಬಟ್ಟೆ ಹಾಕಿದಳು, ಯಾರ ಜೊತೆ ಓಡಾಡಿದಳು, ಯಾವ ಜಾತಿಯವನನ್ನು ಮದುವೆ ಆದಳು, ಪಕ್ಕದ ಮನೆಯಲ್ಲಿ ಏನು ಬೇಯುತ್ತಿದೆ. ಏರಿ, ತೂಬು, ರಾಜಕಾಲುವೆ, ಶಾಸನದ ಕಲ್ಲು ಆ ಪಟ್ಟಿಯಲ್ಲಿ ಇಲ್ಲ. ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರೂ ಯಾರಿಗೂ ನೋವಾಗುವುದಿಲ್ಲ. ನನ್ನ ಪಕ್ಕದ ಮನೆಯವರಿಗೆ ಇಡೀ ಬೀದಿಯ ಬೇಲಿ, ಮರ, ಬೆಂಚಿನ ಚಿಂತೆ ಇದೆ, ನನ್ನ ಮನೆಯೊಳಗೆ ಏನು ನಡೆಯುತ್ತೆ ಅನ್ನೋ ಚಿಂತೆ ಇಲ್ಲ. ನನಗೆ ಕನ್ಸರ್ವೇಟಿವ್ ಅಂದರೆ ಇವರು.

ಇನ್ನು ಡೇವಿಡ್ ಕ್ಯಾಮರಾನ್, ಆಗಿನ ಕನ್ಸರ್ವೇಟಿವ್ ಪ್ರಧಾನಿ. ನಾನು ಸಲಿಂಗ ಮದುವೆಗೆ ಬೆಂಬಲ ಕೊಡುವುದು ಕನ್ಸರ್ವೇಟಿವ್ ಆಗಿರುವುದರಿಂದಲೇ ಅಂತ 2011ರಲ್ಲಿ ತಮ್ಮ ಪಕ್ಷದವರ ಎದುರಿಗೇ ಹೇಳಿದರು. ಮದುವೆ ಒಳ್ಳೆಯದಾದರೆ ಜಾಸ್ತಿ ಜನ ಮದುವೆ ಆಗಲಿ ಅಲ್ವಾ, ಇಷ್ಟೇ ಲೆಕ್ಕ. 2013ರಲ್ಲಿ ಕಾನೂನೂ ಆಯಿತು. ಈ ವಾದವನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ನನ್ನನ್ನು ತೆಗೆದೇ ಹಾಕುತ್ತಾರೆ. ಇದೇ ಗುಂಪು 2022ರಲ್ಲಿ ರಿಷಿ ಸುನಕ್ ಪ್ರಧಾನಿಯಾದಾಗ ನಮ್ಮ ಅಳಿಯ ಅಂತ ದಿನವಿಡೀ ಕುಣಿದಿತ್ತು, ಅವರ ಇದೇ ಕನ್ಸರ್ವೇಟಿವ್ ಪಕ್ಷ ಏನು ಹೇಳುತ್ತೆ ಅಂತ ಒಬ್ಬರೂ ಕೇಳಲಿಲ್ಲ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಆ ಮದುವೆ ಕಾನೂನಿಗೆ ಮೊದಲ ದೊಡ್ಡ ಮತದಾನದಲ್ಲಿ ಕ್ಯಾಮರಾನ್ ಪಕ್ಷದ ಸಂಸದರಲ್ಲೇ ಪರ ಹಾಕಿದವರಿಗಿಂತ ವಿರುದ್ಧ ಹಾಕಿದವರು ಜಾಸ್ತಿ. ನಿಜವಾದ ಕನ್ಸರ್ವೇಟಿವ್ ಯಾರು ಅನ್ನೋ ಜಗಳ ಇಲ್ಲಿ 1846ರಷ್ಟು ಹಳೆಯದು. ಆಗ ಕನ್ಸರ್ವೇಟಿವ್ ಪ್ರಧಾನಿ ರಾಬರ್ಟ್ ಪೀಲ್ ಧಾನ್ಯದ ಆಮದಿನ ಮೇಲಿದ್ದ ಕಾನೂನು ತೆಗೆದುಹಾಕಿ ಪಕ್ಷವನ್ನೇ ಒಡೆದರು. 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟ ಬಿಡುವ) ಗಲಾಟೆಯಲ್ಲಿ ತಮ್ಮದೇ ಪಕ್ಷದ 21 ಸಂಸದರನ್ನು ಹೊರಗೆ ಹಾಕಿದರು, ಅದರಲ್ಲಿ ಚರ್ಚಿಲ್ಲರ ಮೊಮ್ಮಗನೂ ಒಬ್ಬರು. ಅದೇ ತಿಂಗಳು, ಅವರು ಪಾರ್ಲಿಮೆಂಟಿನ ಬಾಗಿಲು ಹಾಕಿಸಿದ್ದು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರೂ ಒಂದೇ ಮಾತಲ್ಲಿ ಹೇಳಿದರು. ಬೆಂಚು ಮುಟ್ಟಬೇಡಿ ಅನ್ನುವವರ ಪಕ್ಷ ಪಾರ್ಲಿಮೆಂಟನ್ನೇ ಮುಟ್ಟಿತ್ತು.

ಮತ್ತೆ ಈ ಬೇಲಿ, ಮರದ ಪ್ರೀತಿಯ ಹಿಂದೆ ಮನೆಯ ಬೆಲೆಯ ಲೆಕ್ಕವೂ ಇದೆ. ಊರ ಹೊರಗಿನ ಹೊಲದಲ್ಲಿ ಹೊಸ ಮನೆ ಕಟ್ಟುತ್ತೇವೆ ಅಂದರೆ ಪಕ್ಕದ ಮನೆಯ ಅದೇ ಹಿರಿಯರು ವಿರೋಧಕ್ಕೆ ಮೊದಲು ಎದ್ದು ನಿಲ್ಲುತ್ತಾರೆ. ಬಾಡಿಗೆ ಕಟ್ಟಿ ಸಾಕಾಗಿರುವ ಹುಡುಗರು ಎಲ್ಲಿಗೆ ಹೋಗಬೇಕು ಅಂದರೆ ಮಾತು ಬದಲಾಯಿಸುತ್ತಾರೆ.

ಇದಕ್ಕಿಂತ ಕಷ್ಟದ ಮಾತನ್ನು ನನಗೆ ಫೋನಿನಲ್ಲಿ ಹೇಳಿದ್ದು ಊರಿನ ಗೆಳೆಯ. "ನಿನಗೆ ಹಳೆ ಗುಡಿಯ ಕಲ್ಲು ಚೆಂದ ಕಣೋ. ನಮ್ಮಪ್ಪ ಆ ಕಲ್ಲನ್ನು ದೂರದಿಂದ ನೋಡಿದ್ದು, ಹತ್ತಿರ ಬಿಡ್ತಾ ಇರಲಿಲ್ಲ. ಈಗ ಹೊಸದಕ್ಕೆ ನಮ್ಮ ಕೇರಿಯವರ ಹತ್ತಿರವೂ ಚಂದಾ ಕೇಳ್ತಿದಾರೆ, ಗ್ರಾನೈಟ್ ಮೇಲೆ ಹೆಸರು ಕೆತ್ತಿಸ್ತಾರಂತೆ." ನಾನು ಆ ಕಲ್ಲಿನ ಮೇಲೆ ಕೂತು ಪ್ರಸಾದ ತಿಂದು ಬೆಳೆದವನು. ಅವನಿಗೆ ಕೆಡವಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ? ಈಗಲೂ ಕೆಡವಬಾರದು ಅಂತಲೇ ನನ್ನ ಅಭಿಪ್ರಾಯ, ಆದರೆ ಅವನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಬರ್ಕ್ ಹತ್ತಿರವೂ ಇಲ್ಲ.

ನೀರಿನ ವಿಷಯದಲ್ಲಿ ಇಂಗ್ಲೆಂಡನ್ನು ಹೊಗಳುವುದಕ್ಕೂ ಈಗ ಬಾಯಿ ಬರುತ್ತಿಲ್ಲ. 1989ರಲ್ಲಿ ಥ್ಯಾಚರ್ ಅವರ ಕನ್ಸರ್ವೇಟಿವ್ ಸರ್ಕಾರ ಇಲ್ಲಿನ ನೀರು, ಒಳಚರಂಡಿಯನ್ನು ಖಾಸಗಿಯವರಿಗೆ ಮಾರಿತು. ಈಗ ಮಳೆ ಜೋರಾದರೆ ಕೊಳಚೆ ನೇರವಾಗಿ ಹೊಳೆಗೆ. ಪಕ್ಕದ ಮನೆಯ ಹಿರಿಯರು ಹೊಳೆದಂಡೆಯಲ್ಲಿ ನಾಯಿ ಓಡಾಡಿಸುವವರು, ಇದರಿಂದ ಎಷ್ಟು ಕೆರಳಿದರು ಅಂದರೆ 2024ರಲ್ಲಿ ಜೀವಮಾನದಲ್ಲೇ ಮೊದಲ ಸಲ ತಮ್ಮ ಪಕ್ಷಕ್ಕೆ ವೋಟು ಹಾಕಲಿಲ್ಲ. ಪಕ್ಷ 121 ಸೀಟಿಗೆ ಇಳಿಯಿತು. "ಹೊಳೆ ಕಾಯದವರು ಇನ್ನೇನು ಕಾಯುತ್ತಾರೆ" ಅಂತ ಗೊಣಗಿ, "ನಿಮ್ಮ ಕಡೆ ನನ್ನಂಥವನು ಯಾರಿಗೆ ವೋಟು ಹಾಕುತ್ತಾನೆ?" ಅಂತ ನನ್ನನ್ನು ಕೇಳಿದರು.

ನಿಮ್ಮಂಥವರು ನಮ್ಮಲ್ಲೂ ಇದ್ದಾರೆ, ಕೆರೆಗೊಂದು ಮರಕ್ಕೊಂದು ಕೇಸು ಹಾಕಿಕೊಂಡು ಹೈಕೋರ್ಟಿಗೆ ಅಲೆಯುತ್ತಿರುತ್ತಾರೆ, ಎಲ್ಲ ಪಕ್ಷದವರೂ ಅವರನ್ನು ಅಭಿವೃದ್ಧಿ ವಿರೋಧಿ ಎಡಪಂಥೀಯರು ಅಂತ ಬೈಯುತ್ತಾರೆ ಅಂದೆ.